ಹದ್ದಿನ ಮೇಲೆ ಹದ್ದಿನ ಕಣ್ಣು

"ಇನ್ನೂ ಹಾರಿಲ್ಲ," ಅಂದ ಸೀನ, ಬೆಂಚಿನ ಮೇಲೆ ಕೂರುವ ಮೊದಲೇ.

"ಯಾರು?" ಅಂದರು ಶಾಸ್ತ್ರಿಗಳು.

"ಇನ್ಯಾರು, ಆ ಹದ್ದಿನ ಮರಿ ಗಿಜ್ಮೊ. ಸನ್ನಿ ಸೋಮವಾರವೇ ಹಾರಿದಳು. ಇವಳು ಕೊಂಬೆ ತನಕ ಬರ್ತಾಳೆ, ರೆಕ್ಕೆ ಬಡೀತಾಳೆ, ಕೆಳಗೆ ನೋಡ್ತಾಳೆ, ವಾಪಸ್ ಗೂಡಿಗೆ ಹೋಗ್ತಾಳೆ."

"145 ಅಡಿ ಮೇಲಿಂದ ಕೆಳಗೆ ನೋಡಿದರೆ ನಾನೂ ವಾಪಸ್ ಹೋಗ್ತಿದ್ದೆ," ಅಂದ ಕೇಶವ. "ಆದರೆ 'ಹೋಗ್ತಾಳೆ' ಅನ್ನಬೇಡ ಕಣೋ. ಹದ್ದು ಹೋಗುತ್ತೆ. ನಪುಂಸಕಲಿಂಗ. ಇವತ್ತು 'ಹೋಗ್ತಾಳೆ' ಅಂತೀಯ, ನಾಳೆ 'ಹದ್ದಿನವರು ದಯಮಾಡಿಸಿದ್ದಾರೆ' ಅಂತೀಯ."

"ಪದ್ದು ಆಗಲೇ ಹಾಗಂತಾಳೆ. ಶ್ಯಾಡೋ ಅವರು ಮೀನು ತಂದರು, ಜಾಕಿ ಅವರು ಊಟಕ್ಕೆ ಕೂತರು..."

"ಅನ್ನಲಿ ಬಿಡಿ, ಏನೀಗ?" ಅಂದರು ಪದ್ದಕ್ಕ, ಚಿಪ್ಸಿನ ಡಬ್ಬಿಯ ಮುಚ್ಚಳ ತೆಗೆಯುತ್ತ. "ಜನವರಿಯಿಂದ ದಿನಾ ನೋಡ್ತಿರೋ ಸಂಸಾರ. ಏಕವಚನ ಬಾಯಿಗೆ ಬರಲ್ಲಪ್ಪ."

2025ರ ಜೂನ್ 6, ಸಂಜೆ ಆರು ಗಂಟೆ. ಅಮೆರಿಕದ ಫ್ರೀಮಾಂಟಿನ ಎಲಿಜಬೆತ್ ಕೆರೆಯ ದಂಡೆ, ನಮ್ಮ ಬೆಂಚು. ನಮ್ಮದು ಅಂದರೆ ಆರು ತಿಂಗಳ ಮಟ್ಟಿಗೆ ನಮ್ಮದು. ಆಮೇಲೆ ಮೈಸೂರಿನ ಇನ್ನೊಂದು ತಂಡ ಬಂದು ಕೂರುತ್ತದೆ. ಮಕ್ಕಳು ಕೆಲಸ ಮುಗಿಸಿ ಮನೆಗೆ ಬರುವ ಹೊತ್ತಿಗೆ ಮನೆ ಬಿಟ್ಟು ಹೊರಬೀಳುವುದು ನಮ್ಮ ಸಂಘದ ಏಕೈಕ ನಿಯಮ.

"ಶುರು ಮಾಡಿದವನು ನೀನು, ಹೇಳಿಬಿಡು," ಅಂದ ಕೇಶವ. "ಅಲ್ಲೆಲ್ಲೋ ಬಿಗ್ ಬೇರ್ ಬೆಟ್ಟ. ಒಂದು ಪೈನ್ ಮರ. ಮರದ ಮೇಲೆ ಹದ್ದು. ಹದ್ದಿನ ಮುಂದೆ ಕ್ಯಾಮೆರಾ. ಆ ಕ್ಯಾಮೆರಾ ಮುಂದೆ ನೀನು. ಜನವರಿ 22ಕ್ಕೆ ಮೊದಲನೇ ಮೊಟ್ಟೆ, 25ಕ್ಕೆ ಎರಡನೇದು, 28ಕ್ಕೆ ಮೂರನೇದು. ನಿನ್ನ ಮಕ್ಕಳ ಹುಟ್ಟಿದ ದಿನ ಕೇಳಿದರೆ ಪದ್ದಕ್ಕನ ಮುಖ ನೋಡ್ತೀಯ. ಇದು ಮಾತ್ರ ಬಾಯಿಪಾಠ."

"ನಿನಗೂ ಬಾಯಿಪಾಠ ಆಗಿದೆಯಲ್ಲ!"

"ನೀನು ದಿನಾ ಬಂದು ಒಪ್ಪಿಸಿದರೆ ಈ ಬೆಂಚಿಗೂ ಬಾಯಿಪಾಠ ಆಗುತ್ತೆ. ಆ ಮೂರು ಮೊಟ್ಟೆ ಮೇಲೆ ಅದು ಮಾರ್ಚ್ ತನಕ ಕಾವು ಕೂತಿತು. ಅದು ಕೂತಿದ್ದನ್ನ ನೀನು ಕೂತು ನೋಡಿದೆ. ಒಬ್ಬರು ಕೂತಿರೋದನ್ನ ಇನ್ನೊಬ್ಬರು ಕೂತು ನೋಡೋದನ್ನ ನಾನೂ ಕಚೇರಿಯಲ್ಲಿ 34 ವರ್ಷ ಮಾಡಿದೀನಪ್ಪ. ಆದರೆ ನನಗೆ ಸಂಬಳ ಕೊಡ್ತಿದ್ರು."

ಶಾಸ್ತ್ರಿಗಳು ನಕ್ಕರು. ಅವರ ಸಂಕಟವೇ ಬೇರೆ. "ನಮ್ಮನೇಲೂ ಸೊಸೆ ಅದನ್ನೇ ಹಾಕ್ತಾಳೆ, ದೊಡ್ಡ ಟಿವಿಯಲ್ಲಿ. ಅಡುಗೆಮನೆಗೆ ಮೊಟ್ಟೆ ಬರಕೂಡದು ಅಂತ ನಾನು ಬಂದ ದಿನವೇ ಹೇಳಿದ್ದೆ. ಈಗ ಹಾಲಿನಲ್ಲಿ ಆಳೆತ್ತರದ ಮೊಟ್ಟೆ ಮೂರು! ನಾನು ಚಿತ್ರಾನ್ನದ ತಟ್ಟೆ ಹಿಡಿದು ಕೂತರೆ, ಎದುರಿಗೆ ಅದು ನಾಮದ ಕೋಳಿ ಕೊಕ್ಕಿನಲ್ಲಿ ಬಗೀತಿರುತ್ತೆ."

"ಆದರೂ ನೀವು ಎದ್ದು ಹೋಗಲಿಲ್ಲವಂತೆ," ಅಂದರು ಪದ್ದಕ್ಕ. "ನಿಮ್ಮ ಸೊಸೆ ಹೇಳಿದಳು. ಟಿವಿಗೆ ಕೈ ಬೇರೆ ಮುಗಿದಿರಂತೆ."

"ಬಿಳೀ ತಲೆ ಕಂಡಿತು. ನಮ್ಮ ಕಡೆ ಗರುಡನಿಗೂ ತಲೆ ಬಿಳಿ. ಮುಗಿದ ಕೈ ವಾಪಸ್ ತಗೊಳ್ಳೋಕಾಗುತ್ಯೆ?"

"ತಲೆ ತುಂಬ ಬಿಳೀ ಗರಿ ಇದ್ದೂ ಅದಕ್ಕೆ ಬೋಳು ಹದ್ದು ಅಂತ ಹೆಸರಿಟ್ಟಿದ್ದಾರೆ," ಅಂದ ಕೇಶವ. "ಏನೋ ಹಳೇ ಇಂಗ್ಲಿಷಿನಲ್ಲಿ ಆ ಮಾತಿಗೆ ಬಿಳಿ ಅನ್ನೋ ಅರ್ಥ ಇತ್ತಂತೆ. ನಾನು ಆ ಹದ್ದನ್ನ ಆಡಿಕೊಳ್ಳಲ್ಲಪ್ಪ. ನನ್ನ ಹೆಸರು ಕೇಶವ." ಅಂದು ಟೋಪಿ ತೆಗೆದು ತೋರಿಸಿದ. ಸಂಜೆ ಬಿಸಿಲು ಅಲ್ಲಿ ಬಿದ್ದು ಹೊಳೆಯಿತು.

ಅಷ್ಟರಲ್ಲಿ ಅವನ ಜೇಬಿನಲ್ಲಿ 'ಟಿಣ್' ಅಂತು. ತೆಗೆದು, ಅಂಗೈ ಮರೆಮಾಡಿ ನೋಡಿ, ಮತ್ತೆ ಜೇಬಿಗೆ ಹಾಕಿದ. ಮುಖ ಸ್ವಲ್ಪ ಇಳಿದಿತ್ತು.

"ಏನದು?"

"ಬ್ಯಾಂಕಿಂದು. ಇರಲಿ, ನಿಮ್ಮ ಹದ್ದಿನ ಜಾತಕ ಹೇಳ್ತೀನಿ ಕೇಳಿ. ಈ ದೇಶದ ಮೊಹರಿನ ಮೇಲೆ ಅದನ್ನ ಹಾಕಿದ್ದು 1782ರಲ್ಲಿ. ರಾಷ್ಟ್ರಪಕ್ಷಿ ಅಂತ ಕಾನೂನು ಆದದ್ದು ಯಾವಾಗ ಗೊತ್ತಾ? 2024ರ ಡಿಸೆಂಬರ್! 242 ವರ್ಷ ಹಂಗಾಮಿ ನೌಕರಿ. ನಮ್ಮ ಕಚೇರಿ ಜವಾನ ರಂಗಪ್ಪ ಹದಿನೆಂಟು ವರ್ಷಕ್ಕೆ ಖಾಯಂ ಆಗಲಿಲ್ಲ ಅಂತ ಗೋಳಾಡ್ತಿದ್ದ. ಅವನಿಗೆ ಈ ಹದ್ದನ್ನ ತೋರಿಸಬೇಕಿತ್ತು."

"ಖಾಯಂ ಆಯ್ತಲ್ಲ, ಸಂತೋಷಪಡು," ಅಂದ ಸೀನ.

"ಆದರೆ ಗೌಪ್ಯ ವರದಿ ಕೆಟ್ಟದಾಗಿದೆ. ಬೆಂಜಮಿನ್ ಫ್ರಾಂಕ್ಲಿನ್ 1784ರಲ್ಲೇ ಮಗಳಿಗೆ ಕಾಗದ ಬರೆದಿದ್ದಾನೆ, ಇದು ನಡತೆಗೆಟ್ಟ ಹಕ್ಕಿ ಅಂತ. ತಾನು ದುಡಿಯಲ್ಲ, ಇನ್ನೊಂದು ಹಕ್ಕಿ ಹಿಡಿದ ಮೀನನ್ನ ಕಿತ್ತುಕೊಳ್ಳುತ್ತೆ ಅಂತ. ಇಷ್ಟೆಲ್ಲ ಬರೆದರೂ ಬಡ್ತಿ ಸಿಕ್ತು ನೋಡು. ಇನ್ನು ಸಿನಿಮಾದಲ್ಲಿ ಹದ್ದು ಬಂದಾಗ ಮೈ ಜುಮ್ಮೆನ್ನೋ ಹಾಗೆ ಒಂದು ಕೂಗು ಹಾಕ್ತಾರಲ್ಲ? ಅದೂ ಇದರದಲ್ಲ. ಕೆಂಪು ಬಾಲದ ಡೇಗೆಯದು. ಇದರ ಸ್ವಂತ ಗಂಟಲು ಕೋಳಿಮರಿ ಥರ ಕಿಚಿಪಿಚಿ ಅನ್ನುತ್ತೆ. ಮುಖ ಒಬ್ಬರದು, ಕಂಠ ಇನ್ನೊಬ್ಬರದು. ಡಬ್ಬಿಂಗ್! ಕನ್ನಡದವರಾಗಿ ನೀವು ಇದನ್ನ ಹೇಗೆ ಒಪ್ಪಿಕೊಂಡಿರಿ ಅಂತ."

ಸೀನನಿಗೆ ರೇಗಿತು. "ನೀನು ತಮಾಷೆ ಮಾಡು. ಅಲಾಸ್ಕಾ ಬಿಟ್ಟು ಈ ದೇಶದಲ್ಲೆಲ್ಲ ಹುಡುಕಿದರೂ 1963ರಲ್ಲಿ ಗೂಡು ಕಟ್ಟಿದ್ದ ಜೋಡಿ ಎಷ್ಟು ಗೊತ್ತಾ? 417. ಡಿಡಿಟಿ ಹೊಡೆದು ಹೊಡೆದು, ಅದು ಹೊಳೆಗೆ ಇಳಿದು, ಮೀನಿಗೆ ಸೇರಿ, ಮೀನಿನಿಂದ ಇವಕ್ಕೆ ಬಂದು, ಮೊಟ್ಟೆ ಚಿಪ್ಪು ಹಪ್ಪಳದ ಹಾಗಾಯ್ತು. ಕಾವು ಕೊಡೋಕೆ ತಾಯಿ ಕೂತರೆ ತಾಯಿ ಭಾರಕ್ಕೇ ಒಡೀತಿತ್ತು. 1972ರಲ್ಲಿ ನಿಲ್ಲಿಸಿದ ಮೇಲೆ ನಿಧಾನಕ್ಕೆ ಚೇತರಿಸಿಕೊಂಡು, 2007ಕ್ಕೆ ಅಪಾಯದ ಪಟ್ಟಿಯಿಂದ ಹೊರಗೆ ಬಂತು. ಅಂಥದ್ದರ ಗೂಡಿನಲ್ಲಿ ಒಂದು ಮೊಟ್ಟೆ ಒಡೆದು ಮರಿ ಬಂದರೆ ನೋಡಬಾರದೇನೋ?"

ಕೇಶವ ಒಂದು ನಿಮಿಷ ಕೆರೆಯ ಬಾತುಗಳನ್ನು ನೋಡಿದ. "ನೋಡು. ಬೇಡ ಅಂದೆನೆ? ಮರಿ ಬಂದಾಗ ನೋಡು. ನೀನು ಕಡ್ಡಿಯನ್ನೂ ನೋಡ್ತೀಯಲ್ಲ!"

ಕಡ್ಡಿಯ ವಿಷಯ ಬಂದರೆ ಪದ್ದಕ್ಕನೂ ಸೀನನೂ ಒಂದೇ ಪಕ್ಷ ಅಲ್ಲ. ಗಂಡು ಹದ್ದು ಶ್ಯಾಡೋ ತನಗಿಂತ ಉದ್ದದ ಕಡ್ಡಿಯೊಂದನ್ನು ಹೊತ್ತು ತರುತ್ತದಂತೆ. ತಂದು ಗೂಡಿನ ಈ ಅಂಚಿಗೆ ಇಡುತ್ತದೆ. ಹೆಂಡತಿ ಜಾಕಿ ಅದನ್ನು ಎಳೆದು ಆ ಅಂಚಿಗೆ ಇಡುತ್ತದೆ. ಅದು ಆಚೆ ತಿರುಗಿದ ಮೇಲೆ ಇದು ಮತ್ತೆ ಈಚೆಗೆ. ಹೆಣ್ಣು ಗಾತ್ರದಲ್ಲಿ ಗಂಡಿಗಿಂತ ದೊಡ್ಡದು; ಕಡೆಗೆ ಕಡ್ಡಿ ಎಲ್ಲಿ ಉಳಿಯುತ್ತದೆ ಎಂದು ಬೇರೆ ಹೇಳಬೇಕಿಲ್ಲ.

"ನಮ್ಮನೆ ಸೋಫಾ," ಅಂದ ಸೀನ, ಮೆಲ್ಲಗೆ.

"ಆ ಗಂಡು ಕಾವು ಕೂರೋಕೆ ತನ್ನ ಸರದಿ ಬರಲಿ ಅಂತ ಕಾಯುತ್ತೆ," ಅಂದರು ಪದ್ದಕ್ಕ. "ಇವಳು ಏಳದಿದ್ದರೆ ಪಕ್ಕದಲ್ಲಿ ನಿಂತು ಮೆಲ್ಲಗೆ ನೂಕುತ್ತೆ, 'ಏಳೇ, ನಾನು ಕೂರ್ತೀನಿ' ಅಂತ. ನಮ್ಮವರು ಇಷ್ಟು ವರ್ಷದಲ್ಲಿ ಒಂದು ದಿನ ಹಾಲು ಉಕ್ಕದ ಹಾಗೆ ನೋಡಿಕೊಂಡಿಲ್ಲ."

"ಕಡ್ಡಿಯನ್ನ ಗುಡ್ಡ ಮಾಡಬೇಡ ಪದ್ದು."

"ಅಯ್ಯೋ ಪೆದ್ದ, ಅವು ಮಾಡಿರೋದು ಅದನ್ನೇ ಅಲ್ಲವೇ!" ಅಂದ ಕೇಶವ, ತೊಡೆ ತಟ್ಟಿಕೊಂಡು. "ವರ್ಷಾವರ್ಷ ಕಡ್ಡಿ ತಂದು ತಂದು ಗುಡ್ಡ. ಫ್ಲಾರಿಡಾದಲ್ಲಿ ಒಂದು ಗೂಡನ್ನ ಅಳೆದರಂತೆ, 6 ಮೀಟರ್ ಆಳ, 2 ಟನ್‌ಗೂ ಹೆಚ್ಚು ತೂಕ. ಈ ಗಾದೆ ಹುಟ್ಟಿಸಿದವನು ಯಾವುದೋ ಹದ್ದಿನ ಮಾವನಿರಬೇಕು."

'ಟಿಣ್.' ಮತ್ತೆ ಅಂಗೈ ಮರೆ. ಮತ್ತೆ ಜೇಬು.

"ಈ ಬ್ಯಾಂಕು ಆರು ಗಂಟೆಯ ಮೇಲೂ ಕೆಲಸ ಮಾಡುತ್ತಾ?" ಅಂದೆ ನಾನು. ಕೇಶವನಿಗೆ ಕೇಳಿಸಲಿಲ್ಲ.

"ಹೆಸರಿಟ್ಟಿದ್ದು ಇನ್ನೊಂದು ಕಥೆ," ಅಂತ ಅವನೇ ಮುಂದುವರಿದ. "ಲೋಕದವರೆಲ್ಲ ಹೆಸರು ಕಳಿಸೋದು, ಆ ಊರಿನ ಮೂರು, ನಾಲ್ಕು, ಐದನೇ ಕ್ಲಾಸಿನ ಮಕ್ಕಳು ಮತ ಹಾಕೋದು. ಸನ್ನಿ ಅಂತೆ, ಗಿಜ್ಮೊ ಅಂತೆ. ಸೀನ ಇಲ್ಲಿಂದ ಜಟಾಯು ಅಂತ ಕಳಿಸಿದ್ದ. ಠೇವಣಿ ಹೋಯ್ತು. ಹದ್ದಿನ ಮರಿಗೆ ಹೆಸರಿಡೋಕೆ ಇವನಿಗೆ ಅವಕಾಶ ಇದೆ. ನನ್ನ ಮೊಮ್ಮಗನಿಗೆ ಹೆಸರಿಡುವಾಗ ನನ್ನನ್ನ ಯಾರೂ ಕೇಳಲಿಲ್ಲ. ಇವತ್ತಿಗೂ ಅವನನ್ನ ಕೂಗೋಕೆ ಮುಂಚೆ ಒಂದು ಸಲ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಳ್ತೀನಿ."

ಯಾರೂ ನಗಲಿಲ್ಲ; ನಮ್ಮೆಲ್ಲರ ಮನೆಯಲ್ಲೂ ಅಂಥ ಒಂದೊಂದು ಹೆಸರಿತ್ತು.

"ಮೂರು ಮರಿ ಇದ್ದವಲ್ಲ?" ಅಂದರು ಶಾಸ್ತ್ರಿಗಳು, ಮಾತು ತಿರುಗಿಸಲು. ತಿರುಗಬಾರದ ಕಡೆಗೇ ತಿರುಗಿತು.

"ಒಂದು ಮಾರ್ಚಿನ ಹಿಮಗಾಳಿಯಲ್ಲಿ ಹೋಯ್ತು," ಅಂದರು ಪದ್ದಕ್ಕ. "ರಾತ್ರಿಯೆಲ್ಲ ಗಾಳಿ. ಅಪ್ಪ ಅಮ್ಮ ಇಬ್ಬರೂ ಸೇರಿ ಮೂರನ್ನೂ ಮುಚ್ಚಿಕೊಂಡು ಕೂತಿದ್ದವು. ಬೆಳಗ್ಗೆ ನೋಡಿದರೆ ಎರಡೇ ತಲೆ ಆಡ್ತಿತ್ತು. ಆಮೇಲೆ ಅದಕ್ಕೆ ಮಿಸ್ಟಿ ಅಂತ ಹೆಸರಿಟ್ಟರು. ಅವತ್ತು ನನಗೆ ಒಗ್ಗರಣೆ ಹಾಕೋಕೂ ಮನಸ್ಸಾಗಲಿಲ್ಲ."

"ಯಾರಾದರೂ ಮರ ಹತ್ತಿ ಒಂದು ಕಂಬಳಿನಾದ್ರೂ..."

"ಹಾಗೆ ಮಾಡೋ ಹಾಗಿಲ್ಲ ಶಾಸ್ತ್ರಿಗಳೇ," ಅಂದ ಸೀನ. "ಮರದ ಹತ್ತಿರವೇ ಬಿಡಲ್ಲ. ಹೋದ ವರ್ಷ ಮೂರಕ್ಕೆ ಮೂರೂ ಮೊಟ್ಟೆ ಒಡೆಯಲಿಲ್ಲ. ಹಿಮದಲ್ಲಿ 60 ಗಂಟೆಗೂ ಹೆಚ್ಚು ಹೊತ್ತು ಜಾಕಿ ಎದ್ದೇ ಇರಲಿಲ್ಲ, ಬೆನ್ನ ಮೇಲೆ ಹಿಮ. ದಿನ ಮೀರಿತು, ತಿಂಗಳು ಮೀರಿತು, ಅವು ಸರದಿ ಮೇಲೆ ಕೂರ್ತಾನೇ ಇದ್ದವು. ನೋಡ್ತಿದ್ದವರಿಗೆಲ್ಲ ಗೊತ್ತು, ಇನ್ನು ಬರಲ್ಲ ಅಂತ. ಹೇಳೋದು ಹೇಗೆ? ನೋಡೋದಷ್ಟೇ ನಮ್ಮ ಕೆಲಸ. ಕೈ ಹಾಕಬಾರದು, ಬಾಯಿ ಹಾಕಬಾರದು."

"ಮಗನ ಮನೆಯಲ್ಲಿ ನಮ್ಮದೂ ಅದೇ ಕಾನೂನು," ಅಂದ ಕೇಶವ.

ಪದ್ದಕ್ಕ ನಗುತ್ತ ಕಣ್ಣು ಒರೆಸಿಕೊಂಡರು. "ನೀವು ಏನಾದರೂ ಅನ್ನಿ ಕೇಶವರಾಯರೇ. ಬೆಳಗ್ಗೆ ಎಂಟಕ್ಕೆ ಎಲ್ಲರೂ ಹೊರಟುಬಿಡ್ತಾರೆ. ಮನೆ ಅಂದರೆ ಫ್ರಿಜ್ಜಿನ ಸದ್ದೊಂದೇ. ಅದನ್ನ ಹಾಕಿಕೊಂಡರೆ ಗಾಳಿ ಸದ್ದು ಬರುತ್ತೆ, ಮರ ಕಿರ್ ಅನ್ನುತ್ತೆ, ಯಾವುದೋ ಕಾಗೆ ಕೂಗುತ್ತೆ. ಒಂದು ಮನೇಲಿ ಜನ ಇದ್ದ ಹಾಗಿರುತ್ತೆ."

'ಟಿಣ್.'

ಈ ಸಲ ಸೀನ ಬಿಡಲಿಲ್ಲ. ಕೇಶವನ ಅಂಗೈ ಎಳೆದು ನೋಡಿಯೇ ಬಿಟ್ಟ. "ಎಲಾ ಇವನ! ಇವನೂ ಲೈವ್ ಕ್ಯಾಮೆರಾ ಹಾಕಿಕೊಂಡಿದ್ದಾನೆ ಕಣ್ರೋ!"

ಎಲ್ಲರೂ ಬಗ್ಗಿದೆವು. ಹದ್ದಿಲ್ಲ. ಒಂದು ಹಸಿರು ಗೇಟು. ಮಳೆ ಬಿದ್ದು ಒದ್ದೆಯಾದ ಕಾಂಪೌಂಡು. ಒಂದು ನಂದಿಬಟ್ಟಲು ಗಿಡ, ಒಂದು ದಾಸವಾಳ. ಗೇಟಿನ ಮುಂದೆ ಒಂದು ಹಸು ನಿಂತು ಏನನ್ನೋ ಯೋಚಿಸುತ್ತಿತ್ತು.

"ಇದು ನಿಮ್ಮನೆ! ಕುವೆಂಪುನಗರದ್ದು!"

"ಮನೆ ಖಾಲಿ ಬಿಟ್ಟು ಬಂದಿದೀವಿ, ಕಳ್ಳಕಾಕರ ಕಾಟ ಅಂತ ಮಗ ಹಾಕಿಸಿದ," ಅಂದ ಕೇಶವ, ಮೊದಲ ಸಲ ಬೆಂಚಿನ ತುದಿಗೆ ಸರಿದು. "ಏನಾದರೂ ಅಲುಗಾಡಿದರೆ ಟಿಣ್ ಅನ್ನುತ್ತೆ. ಅಲ್ಲಿಂದಲೇ ಮಾತೂ ಆಡಬಹುದಂತೆ, ಒಂದು ಗುಂಡಿ ಒತ್ತಿದರೆ. ಇಲ್ಲಿ ಸಂಜೆ ಆರು ಅಂದರೆ ಅಲ್ಲಿ ಮಾರನೇ ದಿನ ಬೆಳಗ್ಗೆ ಆರೂವರೆ."

"ಕಳ್ಳರು ಬಂದರಾ?" ಅಂದರು ಶಾಸ್ತ್ರಿಗಳು.

"ದಿನಾ ಬರ್ತಾನೆ! ಹಿಂದಿನ ಬೀದಿ ಮುದುಕ. ಮಂಕಿ ಕ್ಯಾಪು, ಕೈಯಲ್ಲಿ ಪ್ಲಾಸ್ಟಿಕ್ ಕವರು, ಉದ್ದದ ದೋಟಿ. ಕಾಂಪೌಂಡಿನ ಆಚೆ ನಿಂತು ನನ್ನ ದಾಸವಾಳವನ್ನೆಲ್ಲ ಕೊಕ್ಕೆ ಹಾಕಿ ಎಳೀತಾನೆ. ನಾನು ಅಲ್ಲಿದ್ದಾಗ ಹತ್ತು ವರ್ಷ ಪತ್ತೆ ಹಚ್ಚೋಕೆ ಆಗಿರಲಿಲ್ಲ. ಇಲ್ಲಿ ಬಂದ ಮೇಲೆ ಸಿಕ್ಕಿಬಿದ್ದ. ಜನವರಿಯಿಂದ ಒಂದು ದಿನ ತಪ್ಪಿಸಿಲ್ಲ. ಒಂದು ಹೂವು ಗಿಡದಲ್ಲಿ ಉಳಿಸಲ್ಲ. ದೇವರಿಗೆ ಕದ್ದರೆ ದೋಷ ಇಲ್ಲವಂತೆ!"

"ಮತ್ತೆ ಬೈದು ಓಡಿಸೋದಲ್ಲವಾ?"

ಕೇಶವ ಪರದೆ ಒರೆಸಿದ. ಹಸು ಹೋಗಿತ್ತು. "ಮೂರು ದಿನದಿಂದ ಬಂದಿಲ್ಲ."

ಗಿಡದ ತುಂಬ ದಾಸವಾಳ ಕೆಂಪಗೆ ಹಾಗೇ ಇತ್ತು. ಕೆಳಗೆ ನಿನ್ನೆಯವು ಮುದುಡಿ ಬಿದ್ದಿದ್ದವು.

"ಮಳೆ ಅಲ್ಲವಾ," ಅಂದರು ಪದ್ದಕ್ಕ.

"ಮಳೆಯಲ್ಲೂ ಬರ್ತಿದ್ದ. ಕೊಡೆ ಕಂಕುಳಲ್ಲಿ ಸಿಕ್ಕಿಸಿಕೊಂಡು."

"ಮಗಳ ಮನೆಗೆ ಹೋಗಿರಬಹುದು."

"ಮಗಳು ಆಸ್ಟ್ರೇಲಿಯಾದಲ್ಲಿ. ಒಂಟಿ ಮುದುಕ."

ಪೇಪರಿನವನು ಬಂದು ಎದುರುಮನೆಗೆ ಎಸೆದು ಹೋದ. ಇನ್ನೊಂದು ಟಿಣ್. ಒಂದು ನಾಯಿ. ಸೀನನ ಫೋನಿನಲ್ಲಿ ಗಿಜ್ಮೊ ಕೊಂಬೆಯ ತುದಿಗೆ ಬಂದು ರೆಕ್ಕೆ ಬಿಚ್ಚಿ ನಿಂತಿತ್ತು. ಸೀನ ಅದನ್ನು ಬೆಂಚಿನ ಮೇಲೆ ಬೋರಲು ಹಾಕಿಬಿಟ್ಟಿದ್ದ. ಐದು ಜನ ಉಸಿರು ಹಿಡಿದು ಕುವೆಂಪುನಗರದ ಒಂದು ಗೇಟನ್ನು ನೋಡುತ್ತಿದ್ದೆವು. ಜಾಗಿಂಗ್ ಮಾಡುತ್ತಿದ್ದ ಹುಡುಗಿಯೊಬ್ಬಳು ನಿಂತು, ಏನಾದರೂ ತೊಂದರೆಯೇ ಎಂದು ಕೇಳಿ ಹೋದಳು.

ಆಗ ಚಿತ್ರದ ಎಡ ಅಂಚಿನಿಂದ ಒಂದು ಬಿದಿರ ತುದಿ ಮೆಲ್ಲಗೆ ಒಳಗೆ ಬಂತು. ಕೊಕ್ಕೆ. ಅದರ ಹಿಂದೆ ಕೋಲು. ಕೋಲಿನ ಹಿಂದೆ ಮಂಕಿ ಕ್ಯಾಪು.

"ಬಂದ್ರು!" ಅಂತ ಕೂಗಿದ ಕೇಶವ. "ಬಂದ್ರು ಕಣೋ ಸೀನ, ಬಂದ್ರು! ಸೊರಗಿದ್ದಾರೆ ಅಲ್ವಾ? ಜ್ವರ ಬಂದಿತ್ತೋ ಏನೋ."

ಮುದುಕರು ಕಂಪೌಂಡಿನ ಮೇಲಿಂದ ದೋಟಿ ಚಾಚಿದರು. ಕೈ ಸ್ವಲ್ಪ ನಡುಗುತ್ತಿತ್ತು. ಕೊಕ್ಕೆ ಹೂವಿಗೆ ಸಿಗದೆ ಎರಡು ಸಲ ಜಾರಿತು.

"ಕೈ ಹಾಕಬಾರದು, ಬಾಯಿ ಹಾಕಬಾರದು," ಅಂದ ಸೀನ, ಮೆಲ್ಲಗೆ.

ಕೇಶವ ಆಗಲೇ ಗುಂಡಿ ಒತ್ತಿದ್ದ. "ಸ್ವಾಮಿ, ಗೇಟಿಗೆ ಬೀಗ ಇಲ್ಲ, ಒಳಗೇ ಬಂದುಬಿಡಿ. ಬಲಗಡೆ ಕೆಳಗಿನ ಕೊಂಬೆಯಲ್ಲಿ ಕೈಗೆ ಸಿಗೋ ಹಾಗೆ ನಾಲ್ಕಿವೆ."

ಮುದುಕರು ಬೆಚ್ಚಿ ದೋಟಿ ಕೈಬಿಟ್ಟರು. ಸುತ್ತ ನೋಡಿದರು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಆಮೇಲೆ ಮಂಕಿ ಕ್ಯಾಪು ತೆಗೆದು, ಆಕಾಶ ನೋಡಿ, ಎರಡೂ ಕೈ ಮುಗಿದರು.

ಅವರ ತಲೆಯೂ ಕೇಶವನದರ ಹಾಗೇ ಇತ್ತು.