ಅಪ್‌ಡೇಟ್: ಮೆಗಾ ಮ್ಯಾನ್ ಎಕ್ಸ್6 ಮುಗಿಸಿದೆವು
2001ರ ಪ್ಲೇಸ್ಟೇಷನ್ ಆಟ ಮೆಗಾ ಮ್ಯಾನ್ ಎಕ್ಸ್6 ಮತ್ತೆ ಆಡಬಹುದಾ ಅಂತ ಇಲ್ಲಿ ಹಿಂದೆ ಕೇಳಿದ್ದೆ. ನಾಯಕ ಎಕ್ಸ್‌ಗೆ ಶ್ಯಾಡೋ ಆರ್ಮರ್ ಅನ್ನೋ ವಿಶೇಷ ಕವಚ ಸಿಗುವವರೆಗೂ ತಾಳ್ಮೆ ಇರಲಿ ಅಂದಿದ್ದಿರಿ. ಜಯನಗರದ ಗೆಳೆಯನ ಮನೆಯಲ್ಲಿ ಲೆಗಸಿ ಕಲೆಕ್ಷನ್ 2 (ಈ ಸರಣಿಯ ಹಳೆಯ ಆಟಗಳ ಸಂಗ್ರಹ) ಹಾಕಿ ಮುಗಿಸಿದೆವು. ತುಂಬಾ ಥ್ಯಾಂಕ್ಸ್!

ಮುಳ್ಳು ತಾಗಿದರೂ ಸಾಯದ ಆ ಆರ್ಮರ್ ವಿಲನ್ ಗೇಟ್‌ನ ಲ್ಯಾಬಿನಲ್ಲಿ, ಅಂದರೆ ಕೊನೆಯ ಹಂತಗಳಲ್ಲಿ, ಬಹಳ ಉಪಯೋಗಕ್ಕೆ ಬಂತು. ನನಗೆ ಜಾಸ್ತಿ ಸಿಟ್ಟು ಬಂದಿದ್ದು ಬ್ಲೇಜ್ ಹೀಟ್‌ನಿಕ್ಸ್ ಅನ್ನೋ ಬಾಸ್‌ನ ಸ್ಟೇಜಿನಲ್ಲಿ. ಉಂಗುರದಂಥ ಅದೇ ಶತ್ರು ಮತ್ತೆ ಮತ್ತೆ ಬರುತ್ತದೆ, ಸುಮ್ನೆ ಎಳೆದ ಹಾಗೆ. ಇನ್ನು ನಾವು ಕಾಪಾಡಬೇಕಾದ ರೆಪ್ಲಾಯ್ಡ್‌ಗೆ (ಆಟದ ರೋಬೋಟ್‌ಗೆ) ನೈಟ್‌ಮೇರ್ ವೈರಸ್ ಹಿಡಿದರೆ ಅದು ಹೋಯಿತು, ಮತ್ತೆ ಸಿಗಲ್ಲ. ಅದರ ಹತ್ತಿರ ಇದ್ದ ಪಾರ್ಟ್ (ಶಕ್ತಿ ಹೆಚ್ಚಿಸುವ ವಸ್ತು) ಕೂಡ ಸಿಗುವುದಿಲ್ಲ. ಇದು ಅನ್ಯಾಯ ಅಲ್ವಾ?

ಸಂಗೀತ ಮಾತ್ರ ಈಗಲೂ ಅದ್ಭುತ. ಸರಣಿಗೆ ಹೊಸಬರು ದಯವಿಟ್ಟು ಎಕ್ಸ್4ರಿಂದ ಶುರು ಮಾಡಿ. ನಾವೀಗ ಎಕ್ಸ್8 ಹಾಕಿದ್ದೇವೆ.