ಕೊರಿಯಾ ಯುದ್ಧ: ಸೈನ್ಯ ಕಳುಹಿಸದ ಭಾರತದ ವೈದ್ಯಕೀಯ ಘಟಕ ವಿಮಾನದಿಂದ ಧುಮುಕಿದ್ದೇಕೆ?

ಪ್ರಶ್ನೆ: ಇತಿಹಾಸಾಸಕ್ತ

1950ರ ಜೂನ್‌ನಲ್ಲಿ ಉತ್ತರ ಕೊರಿಯಾದ ಸೇನೆ ಎರಡೂ ಕೊರಿಯಾಗಳ ಗಡಿಯಾಗಿದ್ದ 38ನೇ ಅಕ್ಷಾಂಶವನ್ನು ದಾಟಿದಾಗ, ಆ ತಿಂಗಳು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷರಾಗಿದ್ದವರು ಭಾರತದ ಪ್ರತಿನಿಧಿ, ಮಂಗಳೂರಿನವರಾದ ಬೆನಗಲ್ ನರಸಿಂಗ ರಾವ್. ಆಕ್ರಮಣವನ್ನು ಖಂಡಿಸುವ ನಿರ್ಣಯಕ್ಕೆ ಭಾರತ ಮತ ನೀಡಿತಾದರೂ, ಕಾದಾಡುವ ಸೈನ್ಯವನ್ನು ಕಳುಹಿಸಲು ನೆಹರೂ ಸರ್ಕಾರ ಒಪ್ಪದೆ 60ನೇ ಪ್ಯಾರಾ ಫೀಲ್ಡ್ ಆಂಬ್ಯುಲೆನ್ಸ್ ಎಂಬ ವೈದ್ಯಕೀಯ ಘಟಕವನ್ನು ಮಾತ್ರ ಕಳುಹಿಸಿತು. ಇಷ್ಟು ನನಗೆ ಅರ್ಥವಾಗುತ್ತದೆ. ಆದರೆ 1951ರ ಮಾರ್ಚ್‌ನಲ್ಲಿ ಇದೇ ಘಟಕದ ಕೆಲವರು ಅಮೆರಿಕದ ಛತ್ರಿಪಡೆಯೊಂದಿಗೆ ವಿಮಾನದಿಂದ ಧುಮುಕಿದರೆಂದು ಓದಿದೆ. ಯುದ್ಧದಲ್ಲಿ ಪಾಲ್ಗೊಳ್ಳುವುದಿಲ್ಲ ಎಂದ ದೇಶದ ವೈದ್ಯರಿಗೆ ಆಕ್ರಮಣದ ಮೊದಲ ಸಾಲಿನಲ್ಲಿ ಏನು ಕೆಲಸ? ಫೀಲ್ಡ್ ಆಂಬ್ಯುಲೆನ್ಸ್ ಎಂದರೆ ಸಂಚಾರಿ ಆಸ್ಪತ್ರೆಯೇ, ಅಥವಾ ಬೇರೆಯೇ? ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ 1: ನಿವೃತ್ತ ನರ್ಸಿಂಗ್ ಅಸಿಸ್ಟೆಂಟ್

ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಮೊದಲನೆಯದಕ್ಕೆ ಅರ್ಧ ಉತ್ತರ ಅದರಲ್ಲೇ ಇದೆ. ನಾನು ಸೇನಾ ವೈದ್ಯಕೀಯ ದಳದಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ಫೀಲ್ಡ್ ಆಂಬ್ಯುಲೆನ್ಸ್ ಎಂದೊಡನೆ ಜನ ಕೆಂಪು ದೀಪದ ವಾಹನವನ್ನು ಕಲ್ಪಿಸಿಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಲೆಫ್ಟಿನೆಂಟ್ ಕರ್ನಲ್ ದರ್ಜೆಯ ವೈದ್ಯಾಧಿಕಾರಿಯ ಕೈಕೆಳಗಿನ, ಕೆಲವು ನೂರು ಜನರ ಇಡೀ ಘಟಕ.

ಕಾಳಗದಲ್ಲಿ ಗಾಯಗೊಂಡ ಸೈನಿಕ ಮೊದಲು ತಲುಪುವುದು ತನ್ನ ಬೆಟಾಲಿಯನ್‌ನ ಡಾಕ್ಟರು ನಡೆಸುವ ಪುಟ್ಟ ಚಿಕಿತ್ಸಾ ಠಾಣೆಗೆ. ರಕ್ತ ಸೋರುವುದನ್ನು ತಡೆದು, ಮುರಿದ ಮೂಳೆಗೆ ಪಟ್ಟಿ ಕಟ್ಟಿ ಹಿಂದಕ್ಕೆ ಕಳುಹಿಸುವುದಷ್ಟೇ ಅಲ್ಲಿ ಸಾಧ್ಯ. ಅಲ್ಲಿಂದ ಅವನನ್ನು ಸ್ಟ್ರೆಚರ್‌ನಲ್ಲೋ ಜೀಪಿನಲ್ಲೋ ಕರೆತಂದು, ಯಾರಿಗೆ ತಕ್ಷಣ ಶಸ್ತ್ರಚಿಕಿತ್ಸೆ ಬೇಕು, ಯಾರು ಇನ್ನೂ ಕೆಲವು ಗಂಟೆಗಳ ಪ್ರಯಾಣ ತಾಳಬಲ್ಲರು, ಯಾರನ್ನು ಎರಡು ದಿನ ಇಟ್ಟುಕೊಂಡು ಮತ್ತೆ ಕರ್ತವ್ಯಕ್ಕೆ ಮರಳಿಸಬಹುದು ಎಂದು ವಿಂಗಡಿಸುವವರು ಫೀಲ್ಡ್ ಆಂಬ್ಯುಲೆನ್ಸ್‌ನವರು. ಉಳಿದವರನ್ನು ಹಿಂದಿನ ಆಸ್ಪತ್ರೆಗೆ ದಾಟಿಸುತ್ತಾರೆ. ರೋಗಿಗಳನ್ನು ಉಳಿಸಿಕೊಂಡಷ್ಟೂ ಈ ಘಟಕದ ಕೈ ಕಟ್ಟಿದಂತಾಗುತ್ತದೆ, ಏಕೆಂದರೆ ಅದು ತನ್ನ ಬ್ರಿಗೇಡ್ (ಹಲವು ಬೆಟಾಲಿಯನ್‌ಗಳ ಪಡೆ) ಚಲಿಸಿದ ಕಡೆಗೆಲ್ಲ ಚಲಿಸಬೇಕು. ಆಸ್ಪತ್ರೆಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಛತ್ರಿಪಡೆಯ ವಿಷಯದಲ್ಲಿ ಈ ಸರಪಳಿಯ ಹಿಂದಿನ ಕೊಂಡಿಯೇ ಇರುವುದಿಲ್ಲ. ಧುಮುಕಿದವರಿಗೂ ಸ್ವಪಕ್ಷದ ಸೈನ್ಯಕ್ಕೂ ನಡುವೆ ಶತ್ರುವಿರುವಾಗ ಗಾಯಾಳುವನ್ನು ಸಾಗಿಸಲು ದಾರಿ ಎಲ್ಲಿಯದು? ಆದ್ದರಿಂದ ಶಸ್ತ್ರವೈದ್ಯನೇ ಉಪಕರಣಗಳ ಸಮೇತ ಧುಮುಕಬೇಕಾಗುತ್ತದೆ. ‘ಪ್ಯಾರಾ’ ಘಟಕದ ತರಬೇತಿಯ ಉದ್ದೇಶವೇ ಅದು.

ಉತ್ತರ 2: ಸಮಕಾಲೀನ ಇತಿಹಾಸದ ವಿದ್ಯಾರ್ಥಿ

ಮೇಲಿನ ವಿವರಣೆಗೆ ಘಟನೆಗಳ ಚೌಕಟ್ಟನ್ನು ಸೇರಿಸುತ್ತೇನೆ. ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ ನೇತೃತ್ವದ ಈ ಘಟಕ 1950ರ ನವೆಂಬರ್‌ನಲ್ಲಿ ಪುಸಾನ್ ಬಂದರಿನಲ್ಲಿ ಇಳಿಯಿತು. ರಂಗರಾಜ್ ಸಾಮಾನ್ಯ ವೈದ್ಯರಲ್ಲ. 1941ರಲ್ಲಿ ದೆಹಲಿಯಲ್ಲಿ ತರಬೇತಿ ಪಡೆದು ಪ್ಯಾರಾಚೂಟ್ ಜಿಗಿತ ಮಾಡಿದ ಮೊದಲ ಭಾರತೀಯರಲ್ಲಿ ಒಬ್ಬರು.

ಇವರು ಬಂದಿಳಿದ ಸಮಯವಂತೂ ತೀರ ಕೆಟ್ಟದ್ದು. ಅದೇ ತಿಂಗಳ ಕೊನೆಯ ವಾರದಲ್ಲಿ ಚೀನಾದ ಭಾರೀ ದಾಳಿ ಆರಂಭವಾಗಿ, ದಕ್ಷಿಣ ಕೊರಿಯಾದ ಪರ ಕಾದಾಡುತ್ತಿದ್ದ ವಿಶ್ವಸಂಸ್ಥೆಯ ಪಡೆಗಳು ಪ್ಯೋಂಗ್ಯಾಂಗ್ ನಗರವನ್ನು ಬಿಟ್ಟು ಹಿಮ್ಮೆಟ್ಟತೊಡಗಿದವು. ಸಾಮಗ್ರಿ ಸಾಗಿಸಲು ಸಾಕಷ್ಟು ವಾಹನಗಳಿಲ್ಲದ ಕಾರಣ ಎಲ್ಲವನ್ನೂ ಬಿಟ್ಟು ಹೊರಡುವುದೊಂದೇ ಉಳಿದ ಹಾದಿ ಎನ್ನಿಸಿದಾಗ, ನಮ್ಮವರು ವಾರಸುದಾರರಿಲ್ಲದೆ ನಿಂತಿದ್ದ ಉಗಿಬಂಡಿಯ ಎಂಜಿನ್ನೊಂದನ್ನೂ ಕೆಲವು ಬೋಗಿಗಳನ್ನೂ ಹುಡುಕಿಕೊಂಡು, ಸಾಲಾಗಿ ನಿಂತು ಬಕೆಟ್ಟುಗಳಲ್ಲಿ ನೀರು ಹೊತ್ತು ಬಾಯ್ಲರ್ ತುಂಬಿಸಿ, ತಾವೇ ರೈಲು ನಡೆಸಿದರು. ಸೇತುವೆಯನ್ನು ಸ್ಫೋಟಿಸುವ ಸ್ವಲ್ಪ ಮುಂಚೆ ಗಾಡಿ ಅದನ್ನು ದಾಟಿತು. ಔಷಧ ಮತ್ತು ಉಪಕರಣಗಳನ್ನು ಉಳಿಸಿಕೊಳ್ಳದ ವೈದ್ಯಕೀಯ ಘಟಕ ಕೇವಲ ಜನರ ಗುಂಪಾಗಿ ಉಳಿಯುತ್ತಿತ್ತು ಎಂಬುದನ್ನು ನೆನೆದರೆ, ಹೆಚ್ಚು ಪ್ರಚಾರ ಪಡೆದ ಜಿಗಿತಕ್ಕಿಂತ ಈ ರೈಲುಯಾನವೇ ಘಟಕದ ದೊಡ್ಡ ಸಾಧನೆ ಎಂಬುದು ನನ್ನ ಅಭಿಪ್ರಾಯ.

ಡಿಸೆಂಬರ್‌ನಲ್ಲಿ ಘಟಕದ ಒಂದು ಭಾಗ 27ನೇ ಕಾಮನ್‌ವೆಲ್ತ್ ಬ್ರಿಗೇಡ್ ಸೇರಿತು. ಇನ್ನೊಂದು ಭಾಗ ತೇಗು ನಗರದಲ್ಲಿ ಉಳಿದು ಸೈನಿಕರಿಗೂ ನಿರಾಶ್ರಿತರಾಗಿ ಬಂದ ನಾಗರಿಕರಿಗೂ ಚಿಕಿತ್ಸೆ ನೀಡಿತು. ನೀವು ಓದಿದ ಜಿಗಿತ ನಡೆದದ್ದು 1951ರ ಮಾರ್ಚ್ 23ರಂದು, ಸೋಲ್‌ನ ಉತ್ತರಕ್ಕಿರುವ ಮುನ್ಸಾನ್ ಬಳಿ. ಅಮೆರಿಕದ 187ನೇ ರೆಜಿಮೆಂಟಿನ ಮೂರು ಸಾವಿರಕ್ಕೂ ಹೆಚ್ಚು ಸೈನಿಕರೊಂದಿಗೆ ರಂಗರಾಜ್ ಸೇರಿದಂತೆ ಹನ್ನೆರಡು ಭಾರತೀಯರು ಧುಮುಕಿದರು. ರಂಗರಾಜ್ ಅವರಿಗೆ ಮುಂದೆ ಮಹಾವೀರ ಚಕ್ರ ಸಂದಿತು.

ಇತಿಹಾಸಾಸಕ್ತ

ಇಬ್ಬರಿಗೂ ಧನ್ಯವಾದಗಳು. ಆದರೂ ಒಂದು ಶಂಕೆ ಉಳಿಯಿತು. ಸ್ವೀಡನ್, ಡೆನ್ಮಾರ್ಕ್, ನಾರ್ವೆ ಮತ್ತು ಇಟಲಿ ಕೂಡ ಕೊರಿಯಾಕ್ಕೆ ವೈದ್ಯಕೀಯ ನೆರವನ್ನಷ್ಟೇ ಕಳುಹಿಸಿದ್ದವು. ಡೆನ್ಮಾರ್ಕ್ ಕಳುಹಿಸಿದ್ದು ಯೂಟ್ಲಾಂಡಿಯಾ ಎಂಬ ಆಸ್ಪತ್ರೆ ಹಡಗು. ಹಡಗಿನಲ್ಲಿ ಶುಶ್ರೂಷೆ ಮಾಡುವುದೂ ದಾಳಿ ಮಾಡುವ ರೆಜಿಮೆಂಟಿನ ಜೊತೆ ಆಕಾಶದಿಂದ ಇಳಿಯುವುದೂ ಒಂದೇ ಆದೀತೇ?

ಉತ್ತರ 3: ಕಾನೂನು ವೃತ್ತಿಯವರು

ಕಾನೂನಿನ ದೃಷ್ಟಿಯಲ್ಲಿ ಒಂದೇ. 1949ರ ಮೊದಲನೆಯ ಜಿನೀವಾ ಒಪ್ಪಂದ ವೈದ್ಯಕೀಯ ಸಿಬ್ಬಂದಿಗೆ ರಕ್ಷಣೆ ನೀಡುವುದು ಅವರು ಮಾಡುವ ಕೆಲಸವನ್ನು ನೋಡಿಯೇ ಹೊರತು, ಅವರು ನಿಂತ ಸ್ಥಳವನ್ನಾಗಲಿ ಅವರ ದೇಶದ ನಿಲುವನ್ನಾಗಲಿ ನೋಡಿ ಅಲ್ಲ. ತಮ್ಮನ್ನೂ ತಮ್ಮ ರೋಗಿಗಳನ್ನೂ ರಕ್ಷಿಸಿಕೊಳ್ಳಲು ಅವರು ಆಯುಧ ಇಟ್ಟುಕೊಂಡಿದ್ದರೂ ಆ ರಕ್ಷಣೆ ತಪ್ಪುವುದಿಲ್ಲ. ಶತ್ರುಪಕ್ಷದ ಗಾಯಾಳುವಿಗೂ ಭೇದವಿಲ್ಲದೆ ಚಿಕಿತ್ಸೆ ನೀಡಬೇಕೆಂಬ ಹೊಣೆಯೂ ಅದರೊಂದಿಗೆ ಬರುತ್ತದೆ. ಭಾರತ ಈ ಒಪ್ಪಂದವನ್ನು ಸ್ಥಿರೀಕರಿಸಿದ್ದು 1950ರ ನವೆಂಬರ್‌ನಲ್ಲಿ, ಅಂದರೆ ಘಟಕ ಕೊರಿಯಾ ತಲುಪಿದ ತಿಂಗಳಿನಲ್ಲೇ.

ರಾಜಕೀಯದ ದೃಷ್ಟಿಯಲ್ಲಿ ಮಾತ್ರ ನಿಮ್ಮ ಶಂಕೆಗೆ ಆಧಾರವಿದೆ. ಬ್ರಿಗೇಡಿನ ಗಾಯಾಳುಗಳನ್ನು ನೋಡಿಕೊಳ್ಳುವ ಘಟಕವಿಲ್ಲದೆ ಆ ಬ್ರಿಗೇಡ್ ಬಹಳ ಕಾಲ ಕಾದಾಡಲಾರದು. ಆದ್ದರಿಂದ ‘ನಾವು ಔಷಧ ಮಾತ್ರ ಕೊಟ್ಟೆವು’ ಎಂಬ ಮಾತನ್ನು ಅಕ್ಷರಶಃ ನಂಬಬೇಕಿಲ್ಲ. 1950ರ ಅಕ್ಟೋಬರ್‌ನಲ್ಲಿ, ಅಮೆರಿಕದ ಪಡೆಗಳು 38ನೇ ಅಕ್ಷಾಂಶ ದಾಟಿದರೆ ಚೀನಾ ಸುಮ್ಮನಿರದು ಎಂಬ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಅವರ ಎಚ್ಚರಿಕೆಯನ್ನು ಹೊರಜಗತ್ತಿಗೆ ತಲುಪಿಸಿದ್ದು ಬೀಜಿಂಗ್‌ನಲ್ಲಿದ್ದ ಭಾರತದ ರಾಯಭಾರಿ ಕೆ. ಎಂ. ಪಣಿಕ್ಕರ್. 1951ರ ಫೆಬ್ರುವರಿಯಲ್ಲಿ ಚೀನಾವನ್ನು ಆಕ್ರಮಣಕಾರಿ ಎಂದು ಕರೆದ ನಿರ್ಣಯದ ವಿರುದ್ಧ ಭಾರತ ಮತ ಹಾಕಿತು. ಮರು ತಿಂಗಳೇ ಮುನ್ಸಾನ್‌ನ ಜಿಗಿತ. ಇದನ್ನು ಇಬ್ಬಂದಿತನ ಎನ್ನುವವರಿದ್ದಾರೆ. ಎರಡೂ ಕಡೆಯ ಬಾಗಿಲನ್ನು ಮುಚ್ಚದೆ ಉಳಿಸಿಕೊಳ್ಳಲು ಹೊಸದಾಗಿ ಸ್ವತಂತ್ರವಾದ ದೇಶವೊಂದಕ್ಕೆ ಇದ್ದ ಕೆಲವೇ ಉಪಾಯಗಳಲ್ಲಿ ಇದೂ ಒಂದು ಎಂದು ನಾನು ಭಾವಿಸುತ್ತೇನೆ.

ಉತ್ತರ 4: ಅಂಚೆಚೀಟಿ ಸಂಗ್ರಾಹಕ

ಆ ಬಾಗಿಲು ಉಪಯೋಗಕ್ಕೆ ಬಂದದ್ದು 1953ರಲ್ಲಿ. ಕದನವಿರಾಮದ ನಂತರ ಸ್ವದೇಶಕ್ಕೆ ಮರಳಲೊಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ವಿಚಾರವನ್ನು ಇತ್ಯರ್ಥಪಡಿಸಲು ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಮಡಿಕೇರಿಯ ಕೆ. ಎಸ್. ತಿಮ್ಮಯ್ಯನವರು ಅಧ್ಯಕ್ಷರಾದರು. ಕೈದಿಗಳ ಕಾವಲಿಗೆ ಮೇಜರ್ ಜನರಲ್ ಎಸ್. ಪಿ. ಪಿ. ಥೋರಟ್ ಅವರ ನೇತೃತ್ವದಲ್ಲಿ ಭಾರತೀಯ ಸಂರಕ್ಷಣಾ ಪಡೆ ಬಂತು. ಭಾರತೀಯ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಬಾರದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದ ಕಾರಣ, ಅವರನ್ನು ಇಂಚೋನ್ ಬಂದರಿನಿಂದ ಹೆಲಿಕಾಪ್ಟರುಗಳಲ್ಲೇ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. ಆ ಹೊತ್ತಿಗೆ 60ನೇ ಘಟಕ ಸುಮಾರು ಮೂರು ವರ್ಷಗಳಿಂದ ಕೊರಿಯಾದಲ್ಲಿ ಚಿಕಿತ್ಸೆ ನೀಡುತ್ತಲೇ ಇತ್ತು. ಅದು ಮರಳಿದ್ದು 1954ರ ಆರಂಭದಲ್ಲಿ.

ಸಂರಕ್ಷಣಾ ಪಡೆಯ ಬಳಕೆಗೆಂದು ಭಾರತದ ಅಂಚೆಚೀಟಿಗಳ ಮೇಲೆ ದೇವನಾಗರಿಯಲ್ಲಿ ‘ಭಾರತೀಯ ಸಂರಕ್ಷಾ ಕಟಕ ಕೊರಿಯಾ’ ಎಂದು ಮುದ್ರಿಸಲಾಗಿತ್ತು. ವೈದ್ಯಕೀಯ ಘಟಕದಂತೆಯೇ ಸೇನೆಯ ಅಂಚೆ ಕಚೇರಿಯೂ ಯಾರ ಗಮನಕ್ಕೂ ಬಾರದೆ ದುಡಿಯುವ ಬೆಂಬಲ ಸೇವೆ; ಈ ಚೀಟಿಗಳು ಸಿಕ್ಕರೆ ಬಿಡಬೇಡಿ.

ಉತ್ತರ 1ರ ಲೇಖಕರಿಂದ ಸೇರ್ಪಡೆ

ಘಟಕ ಈಗ ಏನಾಗಿದೆ ಎಂದು ಯಾರೂ ಕೇಳಲಿಲ್ಲವಾದರೂ ಹೇಳಿಬಿಡುತ್ತೇನೆ. ಅದು ಆಗ್ರಾದಲ್ಲಿ 60ನೇ ಪ್ಯಾರಾ ಫೀಲ್ಡ್ ಹಾಸ್ಪಿಟಲ್ ಎಂಬ ಹೆಸರಿನಲ್ಲಿ ಮುಂದುವರಿದಿದೆ. ಹೆಸರಿನೊಂದಿಗೆ ಕೆಲಸದ ಸ್ವರೂಪವೂ ಬದಲಾಗಿದ್ದು, ಗಾಯಾಳುವನ್ನು ಹಿಂದಕ್ಕೆ ದಾಟಿಸುವುದರ ಜೊತೆಗೆ ಸ್ಥಳದಲ್ಲೇ ಹಾಸಿಗೆ, ಎಕ್ಸ್‌ರೇ, ಶಸ್ತ್ರಚಿಕಿತ್ಸೆಗಳ ವ್ಯವಸ್ಥೆ ಮಾಡುವುದೂ ಅದರ ಹೊಣೆಯಾಗಿದೆ. 2023ರ ಫೆಬ್ರುವರಿ 6ರಂದು ಟರ್ಕಿಯಲ್ಲಿ ಭೂಕಂಪವಾದಾಗ, ಕೊರಿಯಾದಲ್ಲಿ ಒಮ್ಮೆ ತನ್ನ ಬ್ರಿಗೇಡನ್ನು ಕಳುಹಿಸಿದ್ದ ಆ ದೇಶಕ್ಕೆ ಇದೇ ಘಟಕದ 99 ಮಂದಿ ವಾಯುಪಡೆಯ ವಿಮಾನಗಳಲ್ಲಿ ಹೋಗಿ, ಇಸ್ಕೆಂಡೆರುನ್ ಪಟ್ಟಣದಲ್ಲಿ 30 ಹಾಸಿಗೆಗಳ ಆಸ್ಪತ್ರೆ ತೆರೆದರು.