ಎಡಿಎಚ್‌ಡಿ ಇರುವುದು ಮಗನಿಗೆ, ತರಬೇತಿ ನಮಗಾ?

ತುಮಕೂರಿನ ಅಮ್ಮ:
ಮಗನಿಗೆ ಐದೂವರೆ ವರ್ಷ. ಡಾಕ್ಟರು ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಂಚಲತೆ) ಅಂದರು. ಮಾತ್ರೆ ಈಗಲೇ ಬೇಡ, ಮೊದಲು ನೀವಿಬ್ಬರೂ ವಾರಕ್ಕೊಮ್ಮೆ ಪೇರೆಂಟ್ ಟ್ರೇನಿಂಗಿಗೆ ಬನ್ನಿ ಅಂದರು. ಮನೆಯವರಿಗೆ ಸಿಟ್ಟು. ಅತ್ತೆಯವರು "ಎರಡು ಬಿಟ್ಟರೆ ಸರಿಹೋಗ್ತಾನೆ" ಅಂತಾರೆ. ನಿನ್ನೆ ಒಂದು ಸಾಕ್ಸ್ ಹಾಕಿಕೊಳ್ಳಲು ಇಪ್ಪತ್ತು ನಿಮಿಷ, ಸ್ಕೂಲ್ ವ್ಯಾನ್ ಹೊರಟೇ ಹೋಯಿತು. ನಾನೂ ಕೈ ಎತ್ತಿಬಿಟ್ಟೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತಿದ್ದಾಯಿತು. ಈ ಟ್ರೇನಿಂಗಿನಿಂದ ಉಪಯೋಗ ಇದೆಯಾ?

ಹಳೇ ಬಸ್‌ಪಾಸ್:
ನಿಮ್ಮ ಯಜಮಾನರ ಹಾಗೇ ನಾನೂ ಗೊಣಗಿದವನು. ಮಗಳಿಗೆ ಆಗ ಐದು, ಈಗ ಒಂಬತ್ತು.

ಮೊದಲ ವಾರದ ಹೋಂವರ್ಕ್: ದಿನಾ ಹತ್ತು ನಿಮಿಷ ಅವಳ ಜೊತೆ ಆಡಬೇಕು. ಪ್ರಶ್ನೆ ಕೇಳಬಾರದು, ತಿದ್ದಬಾರದು. ಇಷ್ಟೇನಾ ಅಂದುಕೊಂಡೆ. ಎರಡು ನಿಮಿಷ ಕಳೆದಿರಲಿಲ್ಲ, "ಹಸುಗೆ ಯಾರಾದ್ರೂ ನೀಲಿ ಬಣ್ಣ ಹಚ್ತಾರಾ?" ಅಂದೆ. ಕ್ರೆಯಾನ್ ಹಾರಿಬಂತು.

"ಬೇಗ ರೆಡಿಯಾಗು" ಅನ್ನೋದನ್ನು ಬಿಟ್ಟೆವು. ಹತ್ತಿರ ಹೋಗಿ, ಹೆಸರು ಕರೆದು, ಒಂದೇ ಮಾತು: "ಸಾಕ್ಸ್ ಹಾಕ್ಕೋ." ಹಾಕಿಕೊಂಡರೆ ಬರೀ "ಗುಡ್ ಗರ್ಲ್" ಅಲ್ಲ, "ಹೇಳಿದ ತಕ್ಷಣ ಹಾಕ್ಕೊಂಡೆ ನೋಡು!" ಅಂತ. ಜೊತೆಗೆ ಡಬ್ಬಿಗೆ ಒಂದು ಹುಣಸೆ ಬೀಜ. ಹತ್ತಾದರೆ ಸಂಜೆ ಸೈಕಲ್ ಸುತ್ತು.

ಹಠಕ್ಕೆ ಗಮನ ಕೊಡದಿದ್ದರೆ ಮೊದಮೊದಲು ಅದು ಜಾಸ್ತಿಯೇ ಆಗುತ್ತದೆ, ಹೆದರಬೇಡಿ. ನಾವು ಸುಮ್ನೆ ಕೂತರೆ ನಮ್ಮಮ್ಮ ಹಿಂದಿನಿಂದ ಚಕ್ಕುಲಿ ಕೊಟ್ಟು ಸಮಾಧಾನ ಮಾಡೋರು! ಎಲ್ಲ ನೀರಲ್ಲಿ ಹೋಮ. ಕೊನೆಗೆ ಅವರನ್ನೂ ಒಂದು ಸಲ ಕರೆದುಕೊಂಡು ಹೋದೆ. ಬೀಜದ ಲೆಕ್ಕ ಈಗ ಅವರದ್ದೇ, ಒಂದೂ ಹೆಚ್ಚು ಕೊಡಲ್ಲ.

ಸಂಜೆಮಲ್ಲಿಗೆ:
ನಿಮ್ಮ ಡಾಕ್ಟರು ಹೇಳಿದ್ದು ಸರಿಯಾಗಿಯೇ ಇದೆ. ಆರು ತುಂಬದ ಮಕ್ಕಳಿಗೆ ಮೊದಲು ಹೆತ್ತವರ ತರಬೇತಿ ಅಂತಲೇ ಅಮೆರಿಕದ ಮಕ್ಕಳ ವೈದ್ಯರ ಸಂಘದ ಮಾರ್ಗಸೂಚಿಯೂ ಹೇಳುತ್ತದೆ. ಹಾಗಂತ ಮಾತ್ರೆ ಕೆಟ್ಟದ್ದಲ್ಲ. ನಮ್ಮವನಿಗೆ ಎಂಟು, ಎರಡೂ ನಡೀತಿದೆ. 1999ರಲ್ಲಿ ಪ್ರಕಟವಾದ, 579 ಮಕ್ಕಳ ಅಧ್ಯಯನದಲ್ಲಿ ಗಮನ, ಚಂಚಲತೆಗೆ ಬರೀ ತರಬೇತಿಗಿಂತ ಮಾತ್ರೆಯೇ ಚೆನ್ನಾಗಿ ಕೆಲಸ ಮಾಡಿತ್ತು. ಎರಡೂ ಸೇರಿದ್ದ ಮಕ್ಕಳಿಗೆ ಕಡಿಮೆ ಡೋಸ್ ಸಾಕಾಗಿತ್ತು. ಮತ್ತೆ, ಕೈ ಎತ್ತಿದ್ದನ್ನು ಅಲ್ಲೂ ಹೇಳಿ. ಯಾರೂ ಬೈಯಲ್ಲ.

ತುಮಕೂರಿನ ಅಮ್ಮ:
ನೀಲಿ ಹಸು ಓದಿ ಮನೆಯವರು ನಕ್ಕರು. ಶನಿವಾರ ಬರ್ತೀನಿ ಅಂದಿದ್ದಾರೆ. ಅತ್ತೆಯವರ ವಿಷಯ ಇನ್ನೂ ಎತ್ತಿಲ್ಲ.